‘ರೆ’ ಸಮೇತ ಅಚ್ಚು ಹಾಕಿ

ಮಾನ್ಯರೇ,

ಸಿಡ್ನಿಯಲ್ಲಿರುವ ಮೊಮ್ಮಗಳು ಮೊನ್ನೆ ವಾಟ್ಸ್ಆ್ಯಪ್‌ನಲ್ಲಿ ಒಂದು ಭಾಷಣದ ರೆಕಾರ್ಡಿಂಗ್ ಕಳಿಸಿ, ‘ಇದರಲ್ಲಿ ಅಂಥದ್ದೇನಿದೆ ಹೇಳಜ್ಜಿ’ ಎಂದಳು. ಅವಳಿಗೆ ಅದು ಶಾಲೆಯ ಪಾಠ. ನನಗೆ ಎರಡು ದಿನ ಅದೇ ಗುಂಗು.

1992ರ ಡಿಸೆಂಬರ್ 10ರಂದು ಆಸ್ಟ್ರೇಲಿಯಾದ ಆಗಿನ ಪ್ರಧಾನಿ ಪಾಲ್ ಕೀಟಿಂಗ್ ಸಿಡ್ನಿಯ ರೆಡ್‌ಫರ್ನ್ ಪಾರ್ಕಿನಲ್ಲಿ, ಅಲ್ಲಿನ ಮೂಲನಿವಾಸಿಗಳ ಮುಂದೆ ಮಾಡಿದ ಭಾಷಣ ಅದು. ಮೊದಮೊದಲು ಜನ ಕಿವಿಗೊಡುವುದೇ ಇಲ್ಲ. ಗುಜುಗುಜು, ನಡುವೆ ಕೂಗು. (ಸರ್ಕಾರದವರ ಭಾಷಣ ಅವರು ಕಾಣದ್ದೇ!) ಆಮೇಲೆ ಕೀಟಿಂಗ್ ಹೇಳುತ್ತಾರೆ: ಕಿತ್ತುಕೊಂಡವರು ನಾವು. ಅವರ ನೆಲ ಕಸಿದೆವು, ಬದುಕು ಒಡೆದು ಹಾಕಿದೆವು. ರೋಗ ತಂದೆವು. ಹೆಂಡ ತಂದೆವು. ಕೊಲೆ ಮಾಡಿದೆವು. ತಾಯಂದಿರಿಂದ ಮಕ್ಕಳನ್ನು ಕಿತ್ತುಕೊಂಡೆವು. ಅಷ್ಟು ಹೊತ್ತಿಗೆ ಸಭೆಯ ಸದ್ದೇ ಬೇರೆಯಾಗಿರುತ್ತದೆ.

ವರ್ಷಗಟ್ಟಲೆ ವ್ಯಾಕರಣ ಹೇಳಿಕೊಟ್ಟ ನನ್ನ ಕಣ್ಣು ಹೋದದ್ದು ಕ್ರಿಯಾಪದದ ಕಡೆಗೆ. ಒಂದೊಂದು ವಾಕ್ಯದಲ್ಲೂ ಮಾಡಿದವರು ಇದ್ದಾರೆ. ಅವರನ್ನು ಅಡಗಿಸುವುದು ನಮ್ಮ ಭಾಷೆಯಲ್ಲಿ ಬಹಳ ಸುಲಭ, ‘ಆಗು’ ಸೇರಿಸಿದರೆ ಮುಗಿಯಿತು. ‘ತಪ್ಪಾಗಿದೆ’, ‘ಅನ್ಯಾಯವಾಗಿದೆ’. ಮಾಡಿದ್ದು ಯಾರು? ಯಾರೂ ಅಲ್ಲ, ಮಳೆ ಬಂದ ಹಾಗೆ ಸುಮ್ನೆ ಆಗಿಬಿಟ್ಟಿತು! ಅದಕ್ಕೊಂದು ‘ರೆ’ ಹಚ್ಚಿದರಂತೂ ಕೇಳಲೇಬೇಡಿ. ‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ.’ ಅಂದರೆ ನೋವಾಗಿದೆಯೋ ಇಲ್ಲವೋ ಅನ್ನುವುದೇ ಇನ್ನೂ ಅನುಮಾನ, ಅಲ್ವಾ?

ಕೀಟಿಂಗರ ‘ನಾವು’ ಕೂಡ ಜಾಣ ಮಾತೇ. ಕೇಳುವವರನ್ನು ಬಿಟ್ಟು ಹೇಳುವ ನಾವು ತೆಲುಗಿನಲ್ಲಿ ‘ಮೇಮು’, ಅವರನ್ನೂ ಸೇರಿಸಿಕೊಂಡರೆ ‘ಮನಮು’. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಎರಡಕ್ಕೂ ಒಂದೇ ಪದ. ತಪ್ಪು ಒಪ್ಪಿಕೊಳ್ಳುವಾಗ ಅವರ ‘ನಾವು’ ಎಂದರೆ ಮೂಲನಿವಾಸಿಗಳಲ್ಲದವರು. ಭಾಷಣ ಮುಗಿಯುವ ಹೊತ್ತಿಗೆ ಅದೇ ‘ನಾವು’ ಇಡೀ ದೇಶವಾಗಿರುತ್ತದೆ. ಎಲ್ಲಿ ದಾಟಿತು ಎಂದು ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

ಇದನ್ನೆಲ್ಲ ಸರಿಪಡಿಸುವುದರಲ್ಲಿ ಈ ದಶಕದಲ್ಲೇ ಗೆಲ್ಲುತ್ತೇವೆ ಎಂದು ಅವರು ಮಾತು ಮುಗಿಸಿದ್ದರು. ದಶಕದ ಕೊನೆಗೆ, 1999ರಲ್ಲಿ, ಮುಂದಿನ ಪ್ರಧಾನಿ ಜಾನ್ ಹೊವಾರ್ಡ್ ಸಂಸತ್ತಿನಲ್ಲಿ ತಂದ ನಿರ್ಣಯದಲ್ಲಿ ಇದ್ದದ್ದು ‘ಆಳವಾದ ವಿಷಾದ’ ಮಾತ್ರ. ತಾಯಂದಿರಿಂದ ಕಸಿಯಲ್ಪಟ್ಟ ಆ ಮಕ್ಕಳು ಕ್ಷಮೆಯ ಮಾತು ಕೇಳಿದ್ದು 2008ರ ಫೆಬ್ರುವರಿ 13ರಂದು. ಆಗ ಪ್ರಧಾನಿ ಕೆವಿನ್ ರಡ್. ಪ್ರಧಾನಿಯಾಗಿ ಒಂದು ಸಲ, ಸರ್ಕಾರದ ಪರವಾಗಿ ಒಂದು ಸಲ, ಸಂಸತ್ತಿನ ಪರವಾಗಿ ಇನ್ನೊಂದು ಸಲ, ಬಿಡಿಬಿಡಿಯಾಗಿ ಕ್ಷಮೆ ಕೇಳಿದರು. ‘ರೆ’ ಇರಲಿಲ್ಲ. ಪರಿಹಾರದ ಹಣವೂ ಇರಲಿಲ್ಲ ಅನ್ನಿ. ಕೇಂದ್ರ ಸರ್ಕಾರ ಅದನ್ನು ಪ್ರಕಟಿಸಿದ್ದು 2021ರಲ್ಲಿ, ಅದೂ ತನ್ನ ನೇರ ಆಡಳಿತದಲ್ಲಿದ್ದ ಪ್ರದೇಶಗಳ ಮಕ್ಕಳಿಗೆ ಮಾತ್ರ. ಆ ಮಕ್ಕಳಿಗೆ ಆಗಲೇ ತಲೆ ನರೆತಿತ್ತು.

ಇದನ್ನೆಲ್ಲ ತಮಗೆ ಬರೆಯಲು ಕಾರಣವಿದೆ. ನಮ್ಮ ನಾಯಕರು ‘ನೋವಾಗಿದ್ದರೆ ವಿಷಾದ’ ಎಂದರೂ ಮರುದಿನ ಪತ್ರಿಕೆಗಳ ತಲೆಬರಹ ‘ಕ್ಷಮೆ ಕೇಳಿದರು’ ಎಂದಾಗಿರುತ್ತದೆ. ಅವರು ಕೇಳಿರುವುದೇ ಇಲ್ಲ. ದಯವಿಟ್ಟು ಅವರು ಆಡಿದ ಮಾತನ್ನು ಇದ್ದ ಹಾಗೇ ಹಾಕಿ, ‘ರೆ’ ಸಮೇತ.

ಇಂತಿ ತಮ್ಮ ಓದುಗಳು,
ನಿವೃತ್ತ ಕನ್ನಡ ಶಿಕ್ಷಕಿ, ಮೈಸೂರು