ಒಂದು ಹಾಳೆ ಕೊಡಿಸಿ ಸ್ವಾಮಿ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ದಾವಣಗೆರೆಯ ಒಬ್ಬ ಕ್ಯಾಮೆರಾ ಅಸಿಸ್ಟೆಂಟ್ ಮಾಡುವ ನಮಸ್ಕಾರಗಳು.

ಹದಿಮೂರು ವರ್ಷದಿಂದ ಸೀರಿಯಲ್, ಸಿನಿಮಾ, ಜಾಹೀರಾತು ಅಂತ ಕೆಲಸ ಮಾಡುತ್ತಿದ್ದೇನೆ. ಯಾವ ಕಂಪನಿಯ ನೌಕರನೂ ಅಲ್ಲ. ಫೋನ್ ಬಂದರೆ ಕೆಲಸ, ಬರದಿದ್ದರೆ ಮನೆ. ಇದಕ್ಕೆ ಈಗ ಫ್ರೀಲಾನ್ಸ್ ಅನ್ನುವ ಚಂದದ ಹೆಸರಿದೆ. ನಮ್ಮಮ್ಮ ಮಾತ್ರ ಇನ್ನೂ ಕೂಲಿ ಅಂತಲೇ ಹೇಳುತ್ತಾಳೆ. ಬರಬರುತ್ತಾ ನನಗೂ ಅವಳ ಮಾತೇ ಸರಿ ಅನ್ನಿಸುತ್ತಿದೆ.

2025ರ ಫೆಬ್ರವರಿಯಲ್ಲಿ ಚಿತ್ರದುರ್ಗದ ಸುತ್ತ ಒಂದು ವೆಬ್ ಸೀರೀಸ್ ಶೂಟಿಂಗ್ ಇತ್ತು. ಯಾರ ಕಂಪನಿ ಅಂತ ಬರೆಯುವುದಿಲ್ಲ. ಬರೆದರೆ ಉಳಿದವರೂ ನನ್ನನ್ನು ಕರೆಯುವುದು ಬಿಡುತ್ತಾರೆ. ದಿನಕ್ಕೆ 2,500 ರೂಪಾಯಿ, ಊಟ, ಓಡಾಟದ ಖರ್ಚು ಕಂಪನಿಯದು ಅಂತ ಪ್ರೊಡಕ್ಷನ್ ಮ್ಯಾನೇಜರ್ ಫೋನಿನಲ್ಲಿ ಹೇಳಿದರು. ಸರಿ ಸಾರ್ ಅಂದೆ. ಆ ‘ಸರಿ ಸಾರ್’ ಬಿಟ್ಟರೆ ಬೇರೆ ಒಪ್ಪಂದ ಇಲ್ಲ. ನಸುಕಿನ ನಾಲ್ಕಕ್ಕೆ ಸ್ಪಾಟ್‌ನಲ್ಲಿರಬೇಕು. ಜೋಗಿಮಟ್ಟಿ ಬೆಟ್ಟದ ಗಾಳಿ ನಿಮಗೆ ಗೊತ್ತಿರಬೇಕು. ಟ್ರೈಪಾಡ್ ಹಾರಿಹೋಗದಂತೆ ಕಾಲಿಗೆ ಕಲ್ಲು ಕಟ್ಟಿ, ಅದನ್ನು ತಬ್ಬಿಕೊಂಡು ಸೂರ್ಯ ಹುಟ್ಟುವುದನ್ನು ಕಾಯುತ್ತಿದ್ದೆ. ಪ್ಯಾಕಪ್ ರಾತ್ರಿ ಹನ್ನೊಂದಕ್ಕೆ. ಹೀಗೆ ಇಪ್ಪತ್ತೆರಡು ದಿನ. ಒಬ್ಬ ಲೈಟ್ ಹುಡುಗ ಬಂಡೆಯಿಂದ ಜಾರಿ ಕೈ ಮುರಿದುಕೊಂಡ. ಎರಡು ಸಾವಿರ ಕೈಗಿಟ್ಟು ಬಸ್ ಹತ್ತಿಸಿದರು.

ನನ್ನ ಲೆಕ್ಕ 55,000 ಆಯಿತು. ಅಡ್ವಾನ್ಸ್ ಅಂತ ಐದು ಸಾವಿರ ಕೊಟ್ಟಿದ್ದರು. ಉಳಿದದ್ದು ಯುಗಾದಿಗೆ ಅಂದರು. ಆಮೇಲೆ ಗಣಪತಿ ಹಬ್ಬಕ್ಕೆ ಅಂದರು. ಆಮೇಲೆ ಫೋನೇ ಎತ್ತಲಿಲ್ಲ.

ಸೆಪ್ಟೆಂಬರ್‌ನಲ್ಲಿ ರಿಟರ್ನ್ಸ್ ತುಂಬಿಸಲು ಪಿ.ಜೆ. ಬಡಾವಣೆಯ ಆಡಿಟರ್ ಹತ್ತಿರ ಹೋದೆ. ಅವರು ಕಂಪ್ಯೂಟರ್ ನೋಡಿ, “ಏನಪ್ಪಾ, ಆ ಕಂಪನಿಯಿಂದ 55,000 ಬಂದಿದೆಯಲ್ಲ, 5,500 ಟಿಡಿಎಸ್ ಕೂಡ ಕಟ್ಟಿದ್ದಾರೆ” ಅಂದರು. ಟಿಡಿಎಸ್ ಅಂದರೆ ದುಡ್ಡು ಕೊಡುವವರೇ ಮುರಿದುಕೊಂಡು ನಮ್ಮ ಹೆಸರಲ್ಲಿ ಸರ್ಕಾರಕ್ಕೆ ಕಟ್ಟುವ ತೆರಿಗೆ. ಸ್ವಾಮಿ, ನನ್ನ ಕೈಗೆ ಬಾರದ ದುಡ್ಡಿಗೆ ಸರ್ಕಾರಕ್ಕೆ ತೆರಿಗೆ ಹೋಗಿದೆ! ದುಡ್ಡನ್ನು ನನ್ನ ಹೆಸರಿಗೆ ಲೆಕ್ಕದಲ್ಲಿ ಬರೆದುಕೊಂಡರೂ ಸಾಕಂತೆ, ಟಿಡಿಎಸ್ ಹಿಡಿಯಬೇಕಂತೆ. ಆಡಿಟರ್ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಲೆನ್ಸ್ ಸಾಲದ ಎರಡು ಕಂತು ಬಾಕಿ ಇತ್ತು.

ಇನ್ನು ತಡೆಯಲಾಗದೆ ದೂರು ಕೊಡಲು ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಟಿಡಿಎಸ್ ಕಾಗದ ತಿರುಗಿಸಿ ನೋಡಿದರು. “ಇದು ವೃತ್ತಿ ಶುಲ್ಕ ಕಣ್ರೀ. ನೀವು ಕಾರ್ಮಿಕರಲ್ಲ, ವೃತ್ತಿಪರರು. ಕೋರ್ಟಿಗೆ ಹೋಗಿ” ಅಂದರು. ಆಮೇಲೆ ಕೇಳಿದ್ದು, “ಒಪ್ಪಂದ ಪತ್ರ ಎಲ್ಲಿ?” ಅದನ್ನೇ ಅಲ್ವಾ ನಾನು ಕೇಳುತ್ತಿರುವುದು? ಆ ಒಂದು ಹಾಳೆ ಕೊಡಿಸಿ.

ನಿಮಗೆ ಕಾನೂನು ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು. ಸಿನಿಮಾ ಕೆಲಸದವರಿಗೆ ಬರಹದಲ್ಲಿ ಒಪ್ಪಂದ ಕೊಡಬೇಕು ಅಂತ 1981ರಲ್ಲೇ ಕೇಂದ್ರದ ಕಾಯ್ದೆ ಬಂದಿತ್ತು. ಆಗ ನಾನಿನ್ನೂ ಹುಟ್ಟಿರಲಿಲ್ಲ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಈಗ ಸೀರಿಯಲ್, ಜಾಹೀರಾತು, ಡಿಜಿಟಲ್ ಕೆಲಸದವರೂ ಅದರೊಳಗಿದ್ದಾರೆ. 2024ರಲ್ಲಿ ನಮ್ಮ ರಾಜ್ಯವೇ ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದವರ ಕಲ್ಯಾಣಕ್ಕೆ ಕಾನೂನು ಮಾಡಿ, ಟಿಕೆಟ್ ಮೇಲೆ ಶೇ 1ರಿಂದ 2ರಷ್ಟು ಸೆಸ್ ಅಂತ ಬರೆಯಿತು. ಇದೆಲ್ಲ ನಿಮ್ಮ ಮೇಜಿನ ಮೇಲೇ ಓಡಾಡುವ ಕಾಗದ. ನಮ್ಮ ಕೈಗೆ ಮಾತ್ರ ಒಂದು ಹಾಳೆ ಸಿಗುತ್ತಿಲ್ಲ.

2025-26ರ ಬಜೆಟ್‌ನಲ್ಲಿ ಸಿನಿಮಾಕ್ಕೆ ಉದ್ಯಮದ ಸ್ಥಾನಮಾನ ಅಂದರು. ಮೈಸೂರಿನಲ್ಲಿ 150 ಎಕರೆ, 500 ಕೋಟಿಯ ಫಿಲ್ಮ್ ಸಿಟಿ ಅಂದರು. ಆಗಲಿ, ಸಂತೋಷ. ಆದರೆ ಉದ್ಯಮ ಅಂದ ಮೇಲೆ ಅಲ್ಲಿ ಕಾರ್ಮಿಕರೂ ಇರಬೇಕಲ್ವಾ? ಇಲ್ಲಿ ನೋಡಿದರೆ ಎಲ್ಲರೂ ‘ವೃತ್ತಿಪರರು’. ಮೊದಲು ಯೂನಿಟ್ ಪೂರ್ತಿ ಬೆಂಗಳೂರಿನಿಂದ ಬರುತ್ತಿತ್ತು. ಈಗ ನಮ್ಮೂರಲ್ಲೇ ಡ್ರೋನ್ ಹಾರಿಸುವವರು, ಮನೆಯಲ್ಲೇ ಕೂತು ಎಡಿಟಿಂಗ್ ಮಾಡುವವರು ಇದ್ದಾರೆ. ಸೀಸನ್‌ನಲ್ಲಿ ಮದುವೆ, ಎಲೆಕ್ಷನ್ ಬಂದರೆ ರೀಲ್ಸ್, ನಡುವೆ ಸಿಕ್ಕಿದರೆ ಸೀರಿಯಲ್. ತಿಂಗಳ ಸಂಬಳದವರು ಕಡಿಮೆಯಾಗಿ ದಿನದ ಲೆಕ್ಕದವರು ಜಾಸ್ತಿಯಾದರು. ಕಂಪನಿಗೆ ಇದು ಅಗ್ಗ. ಪಿಎಫ್ ಇಲ್ಲ, ರಜೆ ಇಲ್ಲ, ಕೈ ಮುರಿದರೆ ಬಸ್ ಇದೆ. ಹುಡುಗರು ಬಂದು “ಅಣ್ಣಾ, ಈ ಫೀಲ್ಡಿಗೆ ಬರಲಾ” ಅಂತ ಕೇಳುತ್ತಾರೆ. ಏನು ಹೇಳಲಿ? ಮೊದಲು ಮದುವೆ ಶೂಟಿಂಗ್ ಕಲಿತುಕೋ, ಹುಡುಗಿಯ ಅಪ್ಪ ಮಂಟಪದಲ್ಲೇ ದುಡ್ಡು ಕೊಡ್ತಾರೆ ಅನ್ನುತ್ತೇನೆ.

ನಾನು ದೊಡ್ಡದೇನೂ ಕೇಳುತ್ತಿಲ್ಲ. ಹೆಸರು, ಎಷ್ಟು ದಿನ, ಎಷ್ಟು ದುಡ್ಡು, ಯಾವತ್ತು ಕೊಡುತ್ತಾರೆ. ಇಷ್ಟು ಬರೆದ ಒಂದು ಹಾಳೆ, ಶೂಟಿಂಗ್ ಶುರುವಾಗುವ ಮೊದಲು. ಕೊಡದವರಿಗೆ ಶೂಟಿಂಗ್ ಅನುಮತಿ ಸಿಗದ ಹಾಗೆ ಮಾಡಿ. ದುಡ್ಡು ಕೊಡದಿದ್ದರೆ ಆ ಹಾಳೆ ಹಿಡಿದುಕೊಂಡು ಹೋಗಲು ದಾವಣಗೆರೆಯಲ್ಲೇ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿ. ಐವತ್ತು ಸಾವಿರಕ್ಕೆ ನಾನು ಬೆಂಗಳೂರಿಗೆ ಎಷ್ಟು ಸಲ ಬಸ್ ಹತ್ತಲಿ?

ಮೊನ್ನೆ ಮತ್ತೊಂದು ಫೋನ್ ಬಂತು. ದುರ್ಗದಲ್ಲೇ ಹತ್ತು ದಿನ ಕೆಲಸ. ಈ ಸಲ ಧೈರ್ಯ ಮಾಡಿ, “ಸಾರ್, ಬರಹದಲ್ಲಿ ಏನಾದರೂ ಕೊಡ್ತೀರಾ” ಅಂತ ಕೇಳಿದೆ. “ಅಯ್ಯೋ ಬಿಡಿ, ಬೇರೆಯವರನ್ನ ನೋಡ್ಕೊಳ್ತೀವಿ” ಅಂತ ಇಟ್ಟುಬಿಟ್ಟರು. ಹತ್ತು ನಿಮಿಷ ಸುಮ್ನೆ ಕೂತಿದ್ದೆ. ಆಮೇಲೆ ನಾನೇ ಫೋನ್ ಮಾಡಿ, ಬರ್ತೀನಿ ಸಾರ್ ಅಂದೆ. ಸೋಮವಾರ ನಸುಕಿಗೆ ಹೋಗಬೇಕು.

ಇಂತಿ,
ನಿಮ್ಮ ಲೆಕ್ಕದಲ್ಲಿ ವೃತ್ತಿಪರ, ನಮ್ಮಮ್ಮನ ಲೆಕ್ಕದಲ್ಲಿ ಕೂಲಿ
ದಾವಣಗೆರೆ