ಹಲ್ಲಿರುವ ಮಂಜುಗಡ್ಡೆ

ಮ್ಯಾಡಿಸನ್, ವಿಸ್ಕಾನ್ಸಿನ್
ಮೇ 14

ತೀರ್ಥರೂಪ ಅಪ್ಪನವರಿಗೂ ಅವ್ವನಿಗೂ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯಿಸುವುದು.

ವಾರಕ್ಕೆರಡು ಸಲ ಫೋನಿನಲ್ಲಿ ಮಾತನಾಡುವವಳು ಈಗ ಕಾಗದ ಏಕೆ ಬರೆದಳು ಎಂದು ಗಾಬರಿಯಾಗಬೇಡಿ. ಅಪ್ಪಾ, ಫೋನಿನಲ್ಲಿ ನಾನೊಂದು ಮಾತು ತೆಗೆದು ಅರ್ಧಕ್ಕೆ ಬರುವಷ್ಟರಲ್ಲಿ ನೀವು "ಊಟ ಆಯಿತೇ?" ಎಂದು ಕೇಳಿ ಅವ್ವನ ಕೈಗೆ ಕೊಟ್ಟುಬಿಡುತ್ತೀರಿ. ಈ ಸಲದ್ದು ಉದ್ದನೆಯ ಸುದ್ದಿ, ಅದರಲ್ಲಿ ನಿಮ್ಮ ಹೊಲವೂ ಬರುತ್ತದೆ. ಆದ್ದರಿಂದ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತು ಓದಿ. ಅವ್ವನಿಗೂ ಕೇಳುವಂತೆ ಓದಿ.

ನಾನು ಸಹಾಯಕಿಯಾಗಿರುವ ಪ್ರಾಥಮಿಕ ಶಾಲೆಯಲ್ಲಿ ಕಳೆದ ತಿಂಗಳು ನಾಲ್ಕನೆಯ ತರಗತಿಯ ಟೀಚರ್ ನನ್ನನ್ನು ಕರೆದು, ಗಾಳಿ, ನೀರು, ಮಂಜುಗಡ್ಡೆ ನೆಲವನ್ನು ಹೇಗೆ ಸವೆಸುತ್ತವೆ ಎಂಬ ಪಾಠವನ್ನು ಈ ಬಾರಿ ನೀವೇ ಮಾಡಿ ಎಂದರು. ಬಾದಾಮಿಯ ಕೆಂಪು ಬೆಟ್ಟ ನೋಡುತ್ತ ಬೆಳೆದವಳು, ಒಕ್ಕಲುತನದ ಮನೆಯ ಮಗಳು, ಇದೇನು ಮಹಾ ಎಂದು ಹೂಂಗುಟ್ಟಿದೆ.

ಮೊದಲ ದಿನವೇ ಮಾನ ಹೋಯಿತು. ಗಾಳಿಯ ಪಾಠಕ್ಕೆಂದು ಅಗಲವಾದ ತಟ್ಟೆಯಲ್ಲಿ ಒಣ ಮರಳು ಹರವಿ, ಕೂದಲು ಒಣಗಿಸುವ ಯಂತ್ರವನ್ನು ಹಚ್ಚಿದೆ. ಮರಳಿನಲ್ಲಿ ಸಣ್ಣ ಸಣ್ಣ ಅಲೆಗಳು ಏಳುತ್ತವೆ, ಮಕ್ಕಳು ಬೆರಗಾಗಿ ನೋಡುತ್ತಾರೆ ಎಂದು ನನ್ನ ಎಣಿಕೆ. ಮರಳು ಹಾರಿ ಟೀಚರ ಕಾಫಿ ಲೋಟಕ್ಕೆ, ಮುಂದಿನ ಸಾಲಿನ ಹುಡುಗನ ಊಟದ ಡಬ್ಬಿಗೆ ಬಿತ್ತು. ತರಗತಿಯೆಲ್ಲ ಗದ್ದಲ. ಒಬ್ಬ ಹುಡುಗಿ ಮಾತ್ರ ತಟ್ಟೆಯ ಮೇಲೆ ಬಗ್ಗಿ, "ದಪ್ಪ ಕಾಳುಗಳು ಇಲ್ಲಿಯೇ ಇವೆ, ಸಣ್ಣ ಪುಡಿ ಮಾತ್ರ ಹೋಗಿದೆ" ಎಂದಳು. ಲೋಟ ತೊಳೆಯುವ ಅವಸರದಲ್ಲಿ ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡನೆಯದು ಮಂಜುಗಡ್ಡೆ. ನಮ್ಮ ಕಡೆ ಮಂಜುಗಡ್ಡೆ ಎಂದರೆ ಬನಶಂಕರಿ ಜಾತ್ರೆಯ ಐಸ್ ಕ್ಯಾಂಡಿ. ಇಲ್ಲಿಯ ಮಕ್ಕಳು ಅದರೊಂದಿಗೇ ಬೆಳೆದವರು. ಊರ ಪಕ್ಕದ ಮೆಂಡೋಟ ಕೆರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ ಜನ ಅದರ ಮೇಲೆ ನಡೆದುಹೋಗಿ, ತೂತು ಕೊರೆದು, ಸ್ಟೂಲು ಹಾಕಿಕೊಂಡು ಮೀನು ಹಿಡಿಯುತ್ತಾರೆ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಬಂಡೆಯ ಬಿರುಕಿನಲ್ಲಿ ಇಳಿದ ನೀರು ಹಾಗೆ ಹಿಗ್ಗಿ ಹಿಗ್ಗಿ ಕೊನೆಗೆ ಬಂಡೆಯನ್ನೇ ಸೀಳುತ್ತದೆ ಎಂದು ನಾನು ಗಂಭೀರವಾಗಿ ಶುರು ಮಾಡಿದೆ. "ಅದಕ್ಕೇ ಮಾರ್ಚ್ ತಿಂಗಳಲ್ಲಿ ನಮ್ಮ ರಸ್ತೆಗಳೆಲ್ಲ ಗುಂಡಿ ಬೀಳುವುದು" ಎಂದು ಹಿಂದಿನ ಬೆಂಚಿನವನು ಮುಗಿಸಿದ. ಅವನಿಗೆ ನಾನು ಕಲಿಸುವುದು ಏನೂ ಉಳಿದಿರಲಿಲ್ಲ. ನಮ್ಮ ರಸ್ತೆಯ ಗುಂಡಿಗಳಿಗೆ ಇಂಥ ಸಬೂಬು ಇಲ್ಲವಲ್ಲ ಎಂದು ನನ್ನಷ್ಟಕ್ಕೆ ನಕ್ಕೆ.

ಆದರೆ ಹಿಮನದಿಯ ವಿಷಯ ಅವರಿಗೂ ಹೊಸದು. ಸಾವಿರಾರು ವರ್ಷ ಹಿಮ ಬಿದ್ದು ಬಿದ್ದು, ಒತ್ತಿ ಗಟ್ಟಿಯಾಗಿ, ತನ್ನ ಭಾರಕ್ಕೆ ತಾನೇ ನಿಧಾನವಾಗಿ ಹರಿಯುವ ಗಡ್ಡೆ ಅದು. ಈ ಊರು ಇರುವ ಜಾಗದ ಮೇಲೆಯೇ ಒಂದು ಕಾಲಕ್ಕೆ ನೂರಾರು ಮೀಟರ್ ದಪ್ಪನೆಯ ಹಿಮ ಇತ್ತಂತೆ. ಅದು ಹಿಂದಕ್ಕೆ ಸರಿಯತೊಡಗಿ ಸುಮಾರು 18,000 ವರ್ಷವಾಯಿತು. ಉತ್ತರ ಅಮೆರಿಕದ ಕೊನೆಯ ಹಿಮಯುಗಕ್ಕೆ ವಿಜ್ಞಾನಿಗಳು ಈ ರಾಜ್ಯದ ಹೆಸರನ್ನೇ ಇಟ್ಟಿದ್ದಾರೆ.

ಹಿಂದಿನ ರಾತ್ರಿ ಮನೆಯಲ್ಲಿ ಎರಡು ಬಗೆಯ ಮಂಜುಗಡ್ಡೆ ಮಾಡಿಕೊಂಡು ಹೋಗಿದ್ದೆ. ಒಂದು ಬರಿಯ ನೀರಿನದು. ಇನ್ನೊಂದರ ತಳದಲ್ಲಿ ಒಂದು ಚಿಟಿಕೆ ದಪ್ಪ ಮರಳು. ಪ್ರತಿ ಮಗುವಿಗೂ ಒಂದೊಂದು ಸ್ನಾನದ ಸಾಬೂನು ಕೊಟ್ಟು, ಎರಡನ್ನೂ ಒಂದೇ ದಿಕ್ಕಿಗೆ ತಿಕ್ಕಲು ಹೇಳಿದೆ. ಬರಿಯ ಗಡ್ಡೆ ಜಾರಿಕೊಂಡು ಹೋಯಿತು, ಸಾಬೂನು ಒದ್ದೆಯಾಯಿತು, ಅಷ್ಟೇ. ಮರಳಿನ ಗಡ್ಡೆ ಕರಕರ ಎಂದಿತು. ಸಾಬೂನಿನ ಮೈಮೇಲೆ ಬಾಚಣಿಗೆ ಎಳೆದಂತೆ ಒತ್ತೊತ್ತಾಗಿ ಗೀರುಗಳು ಮೂಡಿದವು, ಎಲ್ಲವೂ ಒಂದೇ ಕಡೆಗೆ. ಬದಿಯಲ್ಲಿ ಸಾಬೂನಿನ ಪುಡಿ ಗುಡ್ಡೆಯಾಯಿತು. ಬೆರಳು ಸೆಡೆದುಹೋದರೂ ಒಬ್ಬರೂ ಬಿಡಲಿಲ್ಲ.

ಅವ್ವಾ, ಆಗ ನೆನಪಾದದ್ದು ನಿನ್ನ ಬೀಸುಕಲ್ಲು. ಕಲ್ಲು ನುಣುಪಾಗಿ ಜೋಳ ಒಡೆಯದೆ ಜಾರತೊಡಗಿದರೆ, ಉಳಿ ಸುತ್ತಿಗೆ ಹಿಡಿದು ಓಣಿಗೆ ಬರುವ ಹೆಂಗಸನ್ನು ಕೂಗಿ ಕುಟ್ಟಿಸುತ್ತಿದ್ದೆಯಲ್ಲ. "ಹಲ್ಲಿಲ್ಲದ ಕಲ್ಲು ಏನು ಬೀಸೀತು?" ಎನ್ನುತ್ತಿದ್ದೆ. ಮಕ್ಕಳಿಗೆ ಅದನ್ನೇ ಹೇಳಿದೆ. ಮಂಜುಗಡ್ಡೆಗೆ ತನ್ನದೆಂಬ ಹಲ್ಲು ಇಲ್ಲ. ತಳದಲ್ಲಿ ಸಿಕ್ಕಿಹಾಕಿಕೊಂಡ ಕಲ್ಲುಗಳೇ ಅದರ ಹಲ್ಲು, ಮೇಲಿನ ಭಾರವೇ ಬೀಸುವ ಕೈ. ಬೀಸುಕಲ್ಲು ಎಂದರೇನೆಂದು ವಿವರಿಸುವುದಕ್ಕೆ ಮಾತ್ರ ಹತ್ತು ನಿಮಿಷ ಹಿಡಿಯಿತು. ಕಪ್ಪುಹಲಗೆಯ ಮೇಲೆ ಗೂಟ ಸಮೇತ ಬರೆದು ತೋರಿಸಿದೆ.

ಕಳೆದ ವಾರ ಅವರನ್ನು ಬಸ್ಸಿನಲ್ಲಿ ಬರಾಬೂ ಊರಿನ ಹತ್ತಿರದ ಡೆವಿಲ್ಸ್ ಲೇಕ್ ಎಂಬ ಕೆರೆಗೆ ಕರೆದುಕೊಂಡು ಹೋಗಿದ್ದೆವು. ಹೆಸರು ಭೂತದ್ದಾದರೂ, ಈ ನೆಲದ ಮೂಲನಿವಾಸಿಗಳಾದ ಹೋ-ಚಂಕ್ ಜನರಿಗೆ ಅದು ಪವಿತ್ರವಾದ ಕೆರೆ. ಕೆರೆಯ ಇಕ್ಕೆಲದಲ್ಲಿ ಸುಮಾರು 150 ಮೀಟರ್ ಎತ್ತರದ ಬೆಟ್ಟ. ನೇರಳೆ ಮಿಶ್ರಿತ ಕೆಂಪು ಬಂಡೆ. ಬಸ್ಸಿನಿಂದ ಇಳಿದು ತಲೆ ಎತ್ತಿದವಳಿಗೆ ಒಂದು ಗಳಿಗೆ ಅಗಸ್ತ್ಯ ತೀರ್ಥದ ದಂಡೆಯ ಮೇಲೆ ನಿಂತಂತೆ ಆಯಿತು. ನಮ್ಮ ಬಾದಾಮಿಯ ಬೆಟ್ಟ ಮರಳುಗಲ್ಲು. ಇದೂ ಮೊದಲು ಮರಳೇ ಆಗಿತ್ತು. ನೆಲದೊಳಗಿನ ಕಾವಿಗೆ, ಒತ್ತಡಕ್ಕೆ ಸಿಕ್ಕು ಉಕ್ಕಿನಂತೆ ಗಟ್ಟಿಯಾಗಿದೆ. ಅದರ ವಯಸ್ಸು ಸುಮಾರು 170 ಕೋಟಿ ವರ್ಷ. ಇಷ್ಟಾದರೂ ಕೆಲವು ಬಂಡೆಗಳ ಮೇಲೆ ಅಂದಿನ ನೀರಿನ ಅಲೆಗಳು ಮರಳಿನಲ್ಲಿ ಬರೆದ ಮಡಿಕೆಗಳು ಹಾಗೆಯೇ ಉಳಿದಿವೆ. ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರಾಗಿ ಕೈಯಾಡಿಸಿದರು. ಹೇಳಿದರೆ ನಗುತ್ತೀರಿ, ನಾನೂ ಸಾಲಿನಲ್ಲಿ ನಿಂತೆ.

ಬೆಟ್ಟದ ಬುಡದಲ್ಲಿ ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದಿವೆ. ಬಿರುಕಿನಲ್ಲಿ ನೀರು ಹೆಪ್ಪುಗಟ್ಟಿ ಸೀಳಿ ಉರುಳಿಸಿದ್ದು. ಅಪ್ಪಾ, ನಿಮಗೆ ಹಿಡಿಸುವ ಸಂಗತಿ ಇನ್ನೊಂದಿದೆ. ಆ ಕೆರೆ ಇರುವುದು ಹಿಂದೆ ನದಿ ಹರಿದ ಕಣಿವೆಯಲ್ಲಿ. ಹಿಮನದಿ ಬಂದು ಕಣಿವೆಯ ಎರಡೂ ತುದಿಗೆ ನಿಂತು, ತಾನು ಹೊತ್ತು ತಂದ ಕಲ್ಲು ಮಣ್ಣನ್ನೆಲ್ಲ ಅಲ್ಲಿಯೇ ಸುರಿದು ಕರಗಿಹೋಯಿತು. ಎರಡು ಕಡೆ ಎರಡು ಒಡ್ಡು! ನಡುವೆ ನೀರು ನಿಂತು ಕೆರೆಯಾಯಿತು. ಹಿಮ ಹಾಕಿದ ಒಡ್ಡಿನ ಮೇಲೆ ನಡೆಯುತ್ತ ಒಬ್ಬ ಹುಡುಗ ಅಂಗೈಯಗಲದ ಕಲ್ಲೊಂದನ್ನು ಎತ್ತಿದ. ಅದರ ಒಂದು ಮಗ್ಗಲು ಚಪ್ಪಟೆ, ಅದರ ಮೇಲೆ ಒತ್ತೊತ್ತು ಗೀರುಗಳು. ಅವನು ಮಾತನಾಡದೆ ಜೇಬಿನಿಂದ ತನ್ನ ಸಾಬೂನನ್ನು ತೆಗೆದು ಪಕ್ಕದಲ್ಲಿ ಹಿಡಿದ. ಮೂರು ವಾರದಿಂದ ಅದನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದನೋ ಏನೋ. ಅಲ್ಲಿಂದ ಕಲ್ಲು ಒಯ್ಯುವಂತಿಲ್ಲ, ಅವನನ್ನು ಒಪ್ಪಿಸಿ ಅಲ್ಲಿಯೇ ಇಡಿಸುವುದೇ ಅಂದಿನ ದೊಡ್ಡ ಕೆಲಸವಾಯಿತು.

ಹಿಮ ಹೀಗೆ ಬಿಟ್ಟುಹೋದ ಕಲ್ಲುಗಳು ಇಲ್ಲಿಯ ಹೊಲಗಳಲ್ಲೂ ಇವೆ. ಪ್ರತಿ ಚಳಿಗಾಲ ನೆಲ ಹೆಪ್ಪುಗಟ್ಟಿ ಕರಗುವಾಗ ಕೆಳಗಿನ ಕಲ್ಲುಗಳು ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತವೆ. ರೈತರು ಬಿತ್ತುವ ಮುಂಚೆ ಅವನ್ನು ಆರಿಸಿ ಹೊಲದಂಚಿಗೆ ಹಾಕುತ್ತಾರೆ. ಆರಿಸಿದಷ್ಟೂ ಮರುವರ್ಷ ಮತ್ತೆ ಹುಟ್ಟುತ್ತವೆ. ನಮ್ಮ ಮಸಾರಿ ಹೊಲದ ಕಲ್ಲುಗಳನ್ನು ನೀವು ಬಯ್ಯುವ ಹಾಗೆಯೇ ಇವರೂ ಬಯ್ಯುತ್ತಾರೆ.

ತಿರುಗಿ ಬರುವಾಗ ಬಸ್ಸಿನಲ್ಲಿ, ಅಂದು ತಟ್ಟೆ ನೋಡಿದ ಹುಡುಗಿ ನನ್ನ ಪಕ್ಕ ಬಂದು ಕುಳಿತು ಕೇಳಿದಳು: "ಬೀಸಿದ ಹಿಟ್ಟು ಎಲ್ಲಿ ಹೋಯಿತು?"

ಅಪ್ಪಾ, ನಾನು ಮೂರು ದಿನಕ್ಕೆ ಮೂರು ಪಾಠ ಮಾಡಿಕೊಂಡಿದ್ದೆ. ಈ ಒಂದು ಪ್ರಶ್ನೆ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿತು. ಹಿಮ ಬೀಸಿದ ಕಲ್ಲಿನ ಹಿಟ್ಟನ್ನು ಕರಗಿದ ನೀರು ಹೊತ್ತುಕೊಂಡು ಹೋಗಿ ಮಿಸಿಸಿಪ್ಪಿಯಂಥ ನದಿಗಳ ಅಗಲವಾದ ಪಾತ್ರದಲ್ಲಿ ಹರವಿತು. ನೀರು ಇಳಿದು ಪಾತ್ರ ಒಣಗಿದಾಗ ಗಾಳಿ ಅದನ್ನು ಎತ್ತಿಕೊಂಡಿತು. ಅಲ್ಲಿಂದ ಮುಂದೆ ನಡೆದದ್ದನ್ನು ನೀವು ಕಣದಲ್ಲಿ ಎಷ್ಟೋ ಸಲ ಮಾಡಿದ್ದೀರಿ. ಮೆಟ್ಟಿನ ಮೇಲೆ ನಿಂತು ರಾಶಿ ತೂರುವಾಗ ಕಾಳು ಕಾಲಬುಡದಲ್ಲಿ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಹಾಗೆಯೇ ದಪ್ಪ ಮರಳು ನದಿಯ ಹತ್ತಿರವೇ ಕುಪ್ಪಳಿಸುತ್ತ ಉಳಿಯಿತು, ಹಿಟ್ಟಿನಂಥ ಧೂಳು ಹಾರಿ ಹೋಗಿ ಗುಡ್ಡಗಳ ಮೇಲೆ ಹೊದಿಕೆಯಂತೆ ಕುಳಿತಿತು. ಈ ರಾಜ್ಯದ ನೈಋತ್ಯ ಭಾಗಕ್ಕೆ ಹಿಮ ಬರಲೇ ಇಲ್ಲ. ಆದರೆ ಹಿಮ ಬೀಸಿದ ಹಿಟ್ಟು ಗಾಳಿಯ ಮೇಲೆ ಅಲ್ಲಿಗೂ ತಲುಪಿದೆ. ಅದನ್ನು ಇಲ್ಲಿ ಲೋಯಸ್ ಎನ್ನುತ್ತಾರೆ, ಕೈಯಲ್ಲಿ ಹಿಡಿದರೆ ಅಕ್ಕಿಹಿಟ್ಟಿನ ಹಾಗೆ. ಬೆಳೆಗೆ ಬಲು ಒಳ್ಳೆಯದು. ಹುಡುಗಿ ಅದನ್ನೆಲ್ಲ ಕೇಳಿ, "ಹಾಗಾದರೆ ನಾನು ಮೊದಲ ದಿನವೇ ಹೇಳಿದ್ದೆ" ಎಂದಳು. ಹೌದು, ಹೇಳಿದ್ದಳು.

ಸುಲಭವಾಗಿ ಬಂದ ಮಣ್ಣು ಸುಲಭವಾಗಿಯೇ ಹೋಗುತ್ತದೆ. ಆ ನೈಋತ್ಯದ ಗುಡ್ಡಗಾಡಿನಲ್ಲಿ ಕೂನ್ ವ್ಯಾಲಿ ಎಂಬ ಊರಿದೆ. ಯುರೋಪಿನಿಂದ ಬಂದು ನೆಲೆಸಿದ ರೈತರು ಅಲ್ಲಿ ಇಳಿಜಾರಿನ ಗುಂಟ ನೇಗಿಲು ಹೊಡೆದರು, ಕಡಿದಾದ ಗುಡ್ಡಗಳಲ್ಲಿ ದನ ಮೇಯಿಸಿದರು. ಮಳೆ ಬಿದ್ದಾಗಲೆಲ್ಲ ಮಣ್ಣು ಕೊಚ್ಚಿ ಹಳ್ಳಕ್ಕೆ ಇಳಿಯಿತು, ಹೊಲಗಳ ನಡುವೆ ಆಳವಾದ ಕೊರಕಲು ಬಿದ್ದವು. 1933ರಲ್ಲಿ ಸರಕಾರ ಈ ಇಡೀ ದೇಶದಲ್ಲೇ ಮೊದಲ ಜಲಾನಯನ ಮಣ್ಣು ಸಂರಕ್ಷಣೆಯ ಕೆಲಸವನ್ನು ಅಲ್ಲಿ ಶುರು ಮಾಡಿತು. ಅವರು ಕಲಿಸಿದ್ದು ಏನು ಗೊತ್ತೇ? ಇಳಿಜಾರಿಗೆ ಅಡ್ಡಲಾಗಿ ಉಳುವುದು, ಒಂದು ಪಟ್ಟಿ ಬೆಳೆ ಒಂದು ಪಟ್ಟಿ ಹುಲ್ಲು ಬಿಡುವುದು, ಒಡ್ಡು ಹಾಕುವುದು. ಓದುವಾಗ ನಿಮ್ಮ ದನಿಯೇ ಕೇಳಿದಂತಾಯಿತು. ರಂಟೆಯನ್ನು ಇಳಿಜಾರಿನ ಗುಂಟ ಹೊಡೆದದ್ದಕ್ಕೆ ನೀವು ಅಣ್ಣನನ್ನು ಬಯ್ದು, ಅರ್ಧ ಹೊಲ ಮತ್ತೆ ಹೊಡೆಸಿದ್ದು ನೆನಪಿದೆಯೇ? ಅವನಿಗಂತೂ ನೆನಪಿರುತ್ತದೆ.

ಆದ್ದರಿಂದ ನೀರಿನ ಪಾಠಕ್ಕೆ ನಿಮ್ಮ ಹೊಲವನ್ನೇ ತರಗತಿಗೆ ಒಯ್ದೆ. ಎರಡು ತಟ್ಟೆ, ಎರಡರಲ್ಲೂ ಒಂದೇ ಮಣ್ಣು, ಒಂದು ತುದಿಯ ಕೆಳಗೆ ಎರಡೆರಡು ಪುಸ್ತಕ. ಒಂದರಲ್ಲಿ ಮುಳ್ಳುಚಮಚದಿಂದ ಮೇಲಿನಿಂದ ಕೆಳಗೆ ಸಾಲು ಎಳೆದೆವು, ಇನ್ನೊಂದರಲ್ಲಿ ಅಡ್ಡಡ್ಡಲಾಗಿ. ಗಿಡಕ್ಕೆ ನೀರುಣಿಸುವ ಒಂದೇ ಝಾರಿಯಿಂದ ಎರಡಕ್ಕೂ ಮಳೆ. ಮೊದಲನೆಯದರಲ್ಲಿ ನೀರು ಓಡಿತು, ಕೆಳಗೆ ಇಟ್ಟ ಬಟ್ಟಲು ಚಹಾದ ಬಣ್ಣಕ್ಕೆ ತಿರುಗಿತು. ಎರಡನೆಯದರಲ್ಲಿ ಪ್ರತಿ ಸಾಲಿನಲ್ಲೂ ನೀರು ನಿಂತು ಇಂಗಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಅಲ್ಲಿಗೇ ಮುಗಿಸಬಹುದಿತ್ತು. ಆದರೆ ಝಾರಿಯಲ್ಲಿ ಇನ್ನೂ ನೀರಿತ್ತು, ಸುರಿಯುತ್ತಲೇ ಹೋದೆ. ಮೇಲಿನ ಸಾಲು ತುಂಬಿತು, ಅದರ ತಗ್ಗಾದ ಒಂದು ಕಡೆ ದಾರದಷ್ಟು ಸಣ್ಣಗೆ ನೀರು ದಾಟಿತು, ದಾರ ಹಗ್ಗವಾಯಿತು. ಅದರ ಕೆಳಗಿನ ಸಾಲುಗಳೆಲ್ಲ ಒಂದಾದ ಮೇಲೊಂದು ಅದೇ ನೇರಕ್ಕೆ ಒಡೆದವು. ಚಪ್ಪಾಳೆ ನಿಂತಿತು.

2009ರ ಆ ಮಳೆ ಕಣ್ಣಮುಂದೆ ಬಂತು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಬಿಡದೆ ಸುರಿದು, ಮಲಪ್ರಭೆ ಊರೂರನ್ನೇ ನುಂಗಿದಾಗ ನಮ್ಮ ಮೇಲಿನ ಒಡ್ಡು ಒಡೆದದ್ದೂ ಹೀಗೆಯೇ. ಬೆಳಿಗ್ಗೆ ನೀವು ಕಂಬಳಿ ಹೊದ್ದುಕೊಂಡು ಹೊಲಕ್ಕೆ ಹೋಗಿ, ಮಧ್ಯಾಹ್ನ ಬಂದು, ಊಟ ಬೇಡ ಎಂದು ಗೋಡೆಗೆ ಮುಖ ಮಾಡಿ ಮಲಗಿದಿರಿ. ನೆಲದ ಸವೆತ ಎಂದರೆ ಸಾವಿರಾರು ವರ್ಷದ ನಿಧಾನದ ಕೆಲಸ ಎಂದೇ ಪುಸ್ತಕಗಳು ಹೇಳುತ್ತವೆ. ಪೂರ್ತಿ ಹಾಗಲ್ಲ. ಇಲ್ಲಿ ವಿಸ್ಕಾನ್ಸಿನ್ ಡೆಲ್ಸ್ ಎಂಬಲ್ಲಿ ಮರಳುಗಲ್ಲಿನ ನಡುವೆ ಆಳವಾದ ಕಂದರಗಳಿವೆ. ಹಿಮಯುಗದ ಕೊನೆಗೆ, ಹಿಮದ ಕಟ್ಟೆಯೊಂದು ಒಡೆದು, ಅದರ ಹಿಂದೆ ನಿಂತಿದ್ದ ದೊಡ್ಡ ಸರೋವರ ನುಗ್ಗಿ ಅವನ್ನು ಕೆಲವೇ ದಿನಗಳಲ್ಲಿ ಕೊರೆದದ್ದು.

ಒಡೆದ ತಟ್ಟೆಯನ್ನು ಮಕ್ಕಳು ಹಾಗೆಯೇ ಬಿಡಲಿಲ್ಲ. ಸಾಲನ್ನು ಇನ್ನೂ ಎತ್ತರ ಮಾಡೋಣ ಎಂದು ಕೆಲವರು. ಕಲ್ಲಿನ ಹುಡುಗ ಮಾತ್ರ, "ನೀರಿಗೆ ಹೋಗಲು ನಾವೇ ಒಂದು ಜಾಗ ಬಿಡೋಣ, ಅಲ್ಲಿ ಕಲ್ಲು ಹಾಸೋಣ" ಎಂದ. ನಮ್ಮೂರಿನಲ್ಲಿ ಅದಕ್ಕೆ ಕೋಡಿ ಎನ್ನುತ್ತಾರೆ ಎಂದೆ. ಅವರೆಲ್ಲ ಕೂಡಿ "ಕೋಡಿ, ಕೋಡಿ" ಎಂದು ಹೇಳಿಕೊಂಡರು. ಈಗ ತರಗತಿಯ ಕಿಟಕಿಯ ಬಳಿ ಕೋಡಿ ಇರುವ ಒಂದು ತಟ್ಟೆ ಇದೆ. ದಿನಕ್ಕೊಬ್ಬರು ಅದಕ್ಕೆ ಮಳೆ ಸುರಿಸುತ್ತಾರೆ.

ಅವ್ವಾ, ನೀನು ಕಳುಹಿಸಿದ ಗುರೆಳ್ಳು ಚಟ್ನಿಪುಡಿ ಮುಗಿಯುತ್ತ ಬಂದಿದೆ. ನಿಮ್ಮ ಅಳಿಯ ಅದನ್ನು ಬ್ರೆಡ್ಡಿಗೂ ಹಚ್ಚಿಕೊಳ್ಳುತ್ತಾರೆ, ಏನು ಹೇಳುವುದು. ಬೀಸುಕಲ್ಲು ಹಿತ್ತಿಲಲ್ಲಿ ಬಿದ್ದಿದ್ದರೆ ಒಳಗೆ ತಂದಿಡು, ಯಾರಿಗೂ ಕೊಡಬೇಡ.

ಅಪ್ಪಾ, ಕೃತ್ತಿಕಾ ಮಳೆ ಹನಿಯಿತೇ? ರೋಹಿಣಿ ಹುಟ್ಟುವ ಮುಂಚೆ ನೀವು ಹೇಗೂ ಕೋಡಿಯ ಕಲ್ಲುಗಳನ್ನು ಸರಿ ಕೂರಿಸುತ್ತೀರಿ. ಆಗ ಅಣ್ಣನಿಂದ ಒಂದು ಫೋಟೊ ತೆಗೆಸಿ ಕಳುಹಿಸಿ. ಮಕ್ಕಳು ದಿನವೂ ಕೇಳುತ್ತಾರೆ. ಕಲ್ಲುಮಣ್ಣಿನ ಫೋಟೊ ತೆಗೆಯುವಾಗ ಅಳತೆ ತಿಳಿಯಲು ಪಕ್ಕದಲ್ಲಿ ಏನನ್ನಾದರೂ ಇಡಬೇಕು ಎಂದು ಅವರಿಗೆ ಕಲಿಸಿದ್ದೇನೆ. ಕೊಡೆ, ಗುದ್ದಲಿ ಇಡಬೇಡಿ. ನೀವೇ ನಿಲ್ಲಿ.

ನಿಮ್ಮ ಪ್ರೀತಿಯ ಮಗಳು