‘ನಮ್ಮ ಕ್ಲಿನಿಕ್‌’ಗಳಲ್ಲಿ ಹಿರಿಯರನ್ನು ನಿಲ್ಲಿಸಿಯೂ ಬಿಪಿ ನೋಡಲಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ.

ಬೆಂಗಳೂರಿನ ಸರ್ಕಾರಿ ‘ನಮ್ಮ ಕ್ಲಿನಿಕ್‌’ಗಳಿಗೆ ಬಿಪಿ, ಶುಗರ್ ಮಾತ್ರೆಗೆಂದು ಬರುವ ಹಿರಿಯರ ಬಗ್ಗೆ ಈ ಪತ್ರ. ಇವರಲ್ಲಿ ಕೆಲವರ ಮೆದುಳಿಗೆ ವರ್ಷಗಟ್ಟಲೆ ಸಾಕಷ್ಟು ರಕ್ತ ಹರಿಯುತ್ತಿರುವುದಿಲ್ಲ. ಲಕ್ವ ಹೊಡೆದಿಲ್ಲವಾದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ.

ಮೆದುಳಿನ ತೂಕ ದೇಹದ ಶೇ 2ರಷ್ಟು, ಬಳಸುವ ಆಮ್ಲಜನಕ ಶೇ 20ರಷ್ಟು. ಪ್ರತಿ 100 ಗ್ರಾಂಗೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಬೇಕು. ಹತೋಟಿ ತಪ್ಪಿದ ಬಿಪಿ, ಶುಗರ್, ಬೀಡಿ-ಸಿಗರೇಟಿನಿಂದ ಒಳಗಿನ ಸಣ್ಣ ರಕ್ತನಾಳಗಳ ಗೋಡೆ ದಪ್ಪವಾಗಿ ಗಡುಸಾಗುತ್ತದೆ. ಆಳದಲ್ಲಿರುವ ಬಿಳಿ ಭಾಗಕ್ಕೆ ಬದಲಿ ದಾರಿಯಲ್ಲಿ ರಕ್ತ ಬರುವುದು ಕಡಿಮೆ, ಹಾಗಾಗಿ ಮೊದಲು ಸೊರಗುವುದು ಅದೇ. ಚಿಲ್ಲರೆ ಲೆಕ್ಕಕ್ಕೆ ಹೊತ್ತು ಹಿಡಿಯುತ್ತದೆ, ಅಡುಗೆಯ ಕ್ರಮ ತಪ್ಪುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ಮೂತ್ರ ತಡೆಯಲಾಗುವುದಿಲ್ಲ. ಅರವತ್ತಕ್ಕೆ ಅರಳುಮರಳು ಎಂದು ಮನೆಯವರು ಸುಮ್ಮನಾಗುತ್ತಾರೆ.

ಮೂರು ಪದ ಹೇಳಿ, ಆಮೇಲೆ ಕೇಳುವ ಪರೀಕ್ಷೆಯೊಂದೇ ಇಲ್ಲಿ ಸಾಲದು. ಈ ತೊಂದರೆಯಲ್ಲಿ ಸುಳಿವು ಕೊಟ್ಟರೆ ಪದ ಎಷ್ಟೋ ಸಲ ನೆನಪಾಗುತ್ತದೆ. ಕುಂದುವುದು ಮುಖ್ಯವಾಗಿ ಯೋಚನೆಯ ವೇಗ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಎಂದು ಎಣಿಸಲಿ. ಓದು ಬಾರದವರಿಗೂ ಇದು ಸಾಧ್ಯ, ಖರ್ಚೂ ಇಲ್ಲ.

ಬಿಪಿ ನೋಡುವ ರೀತಿಯೂ ಬದಲಾಗಬೇಕು. ಸರದಿಯಿಂದ ಎದ್ದು ಬಂದ ಕೂಡಲೇ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿ ನೋಡಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಅದನ್ನು ನಂಬಿ ಮಾತ್ರೆ ಹೆಚ್ಚಿಸಿದರೆ, ಎದ್ದು ನಿಂತಾಗ ಬಿಪಿ ಕುಸಿದು, ಮೊದಲೇ ಬಡವಾದ ಮೆದುಳಿಗೆ ರಕ್ತ ಇನ್ನಷ್ಟು ತಗ್ಗಬಹುದು. 5 ನಿಮಿಷ ಮಲಗಿಸಿ ಒಮ್ಮೆ, ನಿಂತ 1 ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರು ಮಾತ್ರೆಯ ಪ್ರಮಾಣ, ಹೊತ್ತು ಮರುಪರಿಶೀಲಿಸಬೇಕು. ಹಾಗೆಂದು ರೋಗಿ ತಾನೇ ಮಾತ್ರೆ ಬಿಡುವುದು ಇನ್ನೂ ಅಪಾಯ.

ನಾಡಿ ಏರುಪೇರಾಗಿದ್ದರೆ ಇಸಿಜಿ ಆಗಬೇಕು. ಬಿ12, ಥೈರಾಯ್ಡ್ ಕೊರತೆಯಿಂದಲೂ ಮಂಕು ಕವಿಯುವುದರಿಂದ ಆ ರಕ್ತಪರೀಕ್ಷೆಗಳು ಎಂಆರ್‌ಐಗಿಂತ ಮೊದಲು ನಡೆಯಲಿ.

ನಮ್ಮ ಕೋರಿಕೆ ಇಷ್ಟು: 60 ದಾಟಿದ ಬಿಪಿ, ಶುಗರ್ ರೋಗಿಗಳ ಪುಸ್ತಕದಲ್ಲಿ ‘ನಿಂತಾಗಿನ ಬಿಪಿ’, ‘ಪ್ರಾಣಿಗಳ ಎಣಿಕೆ’ ಎಂಬ ಎರಡು ಕಲಂ ಸೇರಿಸಿ. ಪ್ರತಿ ಕ್ಲಿನಿಕ್‌ಗೂ ಬಿಪಿ ನೋಡಲು ದಪ್ಪ ತೋಳಿಗೆ ಸುತ್ತುವ ದೊಡ್ಡ ಪಟ್ಟಿ ಕೊಡಿ. ಬಿಪಿ ಸ್ಥಿರವಾಗಿರುವವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಸಿಗಲಿ. ಯೋಚನೆ ನಿಧಾನವಾದವರು ತಿಂಗಳ ಸರದಿಯನ್ನೇ ಮರೆಯುತ್ತಾರೆ, ಮಾತ್ರೆ ತಪ್ಪುವುದು ಅಲ್ಲಿಂದಲೇ.

ಇತಿ,
ಹಿರಿಯರ ಮೆದುಳಿನ ಆರೋಗ್ಯಕ್ಕಾಗಿ ಕೆಲಸ ಮಾಡುವ ವೈದ್ಯರು ಮತ್ತು ಶುಶ್ರೂಷಕರು, ಬೆಂಗಳೂರು